ಬಣ್ಣದ ಕಲ್ಲು ಕಟ್ಟಿಕೊಡಬೇಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯಲ್ಲಿ ಬಣ್ಣದ ಮೀನು, ಗಾಜಿನ ಟ್ಯಾಂಕ್ ಮಾರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಈ ಪತ್ರ.

ಸುತ್ತಿ ಬಳಸಿ ಹೇಳುವುದಿಲ್ಲ. ಯಾರಾದರೂ ನಿಮ್ಮ ಅಂಗಡಿಗೆ ಬಂದು "ಆಕ್ಸೊಲಾಟಲ್ ಸಾಕಬೇಕು, ಟ್ಯಾಂಕ್ ಕೊಡಿ" ಅಂದರೆ, ಟ್ಯಾಂಕಿನ ಜೊತೆ ಬಣ್ಣದ ಕಲ್ಲಿನ ಪೊಟ್ಟಣ ಕಟ್ಟಿಕೊಡಬೇಡಿ. ಅವರಾಗಿಯೇ ಕೇಳಿದರೂ ಕೊಡಬೇಡಿ. ನೀಲಿ, ಗುಲಾಬಿ, ಹಸಿರು ಯಾವುದೂ ಬೇಡ. ಬಣ್ಣ ಹಾಕದ ಬಿಳಿ ಕಲ್ಲೂ ಬೇಡ, ನುಣುಪಾದ ಹೊಳೆಗಲ್ಲೂ ಬೇಡ, ಗಾಜಿನ ಗೋಲಿಯೂ ಬೇಡ. ಕಡಲೆಕಾಳಿನಿಂದ ಹಿಡಿದು ನೆಲ್ಲಿಕಾಯಿ ಗಾತ್ರದವರೆಗಿನ ಯಾವ ಕಲ್ಲೂ ಆ ಪ್ರಾಣಿಯ ಕಾಲಡಿ ಇರಬಾರದು.

ಇದನ್ನು ಸಾಕುವವರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಟ್ಯಾಂಕಿನ ತಳಕ್ಕೆ ಏನು ಬೀಳುತ್ತದೆ ಎಂಬುದು ತೀರ್ಮಾನವಾಗುವುದು ನಿಮ್ಮ ಗಲ್ಲಾದ ಮುಂದೆ. ಬೆಟ್ಟದಪುರದಿಂದಲೋ ಸರಗೂರಿನಿಂದಲೋ ಮಗುವಿನ ಕೈ ಹಿಡಿದು ಬಸ್ಸಿನಲ್ಲಿ ಬಂದ ಅಪ್ಪನಿಗೆ ಈ ಪ್ರಾಣಿಯ ಹೆಸರೇ ನಾಲಿಗೆಗೆ ತಿರುಗುವುದಿಲ್ಲ. "ಕೆಳಗಡೆ ಏನಾದ್ರೂ ಹಾಕ್ಬೇಕಾ?" ಎಂದು ಅವರು ಕೇಳುತ್ತಾರೆ. ನಿಮ್ಮ ಕೈ ಅಭ್ಯಾಸಬಲದಿಂದ ಗೋಡೆಗೆ ತೂಗುಬಿಟ್ಟ ಪೊಟ್ಟಣದ ಕಡೆಗೆ ಹೋಗುತ್ತದೆ. ಗಪ್ಪಿಗೆ, ಮೊಲ್ಲಿಗೆ, ಏಂಜೆಲ್‌ಗೆ ಕೊಟ್ಟದ್ದನ್ನೇ ಇದಕ್ಕೂ ಕೊಡುತ್ತೀರಿ. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ ಎಂದು ನನಗೆ ಗೊತ್ತು. ಆದರೆ ಆ ಮೀನುಗಳು ತಿನ್ನುವ ರೀತಿಯೇ ಬೇರೆ, ಇದು ತಿನ್ನುವ ರೀತಿಯೇ ಬೇರೆ.

ಮಕ್ಕಳು ಇದನ್ನು ಯಾಕೆ ಕೇಳುತ್ತಿದ್ದಾರೆ ಎಂಬುದು ನಿಮಗೂ ಗೊತ್ತಿರಬಹುದು. ಮೈನ್‌ಕ್ರಾಫ್ಟ್ ಆಟಕ್ಕೆ 2021ರಲ್ಲಿ ಆಕ್ಸೊಲಾಟಲ್ ಸೇರಿತು. ಅಲ್ಲಿಂದ ಅದರ ನಗುಮುಖ ಬ್ಯಾಗಿನ ಮೇಲೆ, ಪೆನ್ಸಿಲ್ ಡಬ್ಬಿಯ ಮೇಲೆ, ಟೀ ಶರ್ಟಿನ ಮೇಲೆ ಬಂದು ಕೂತಿತು. ಆಟದೊಳಗೆ ಅದನ್ನು ಬಕೆಟ್ಟಿನಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದು. ನಿಜವಾದ ಪ್ರಾಣಿ ಮೆಕ್ಸಿಕೊ ದೇಶದ್ದು, ಬಾಲವಿರುವ ಉಭಯವಾಸಿ, ಸಾಲಮಾಂಡರ್ ಕುಲದ್ದು. ನಮ್ಮ ಕಪ್ಪೆಮರಿಗಳು ಬೆಳೆದು ಬಾಲ ಕಳೆದುಕೊಂಡು ದಡಕ್ಕೆ ಬರುತ್ತವೆ. ಇದು ಹಾಗಲ್ಲ, ಮರಿಯ ರೂಪದಲ್ಲೇ ಪ್ರಾಯಕ್ಕೆ ಬಂದು ಕಿವಿರುಗಳನ್ನು ತಲೆಯ ಎರಡೂ ಕಡೆ ಗರಿಗಳಾಗಿ ಹೊತ್ತುಕೊಂಡು ಬದುಕೆಲ್ಲ ನೀರಿನಲ್ಲೇ ಕಳೆಯುತ್ತದೆ. ಬೆಳೆದದ್ದು ಒಂದು ಅಡಿಗೆ ತುಸು ಕಡಿಮೆ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಇನ್ನೂ ಹೆಚ್ಚೂ ಬಾಳುತ್ತದೆ.

ಅದು ತಿನ್ನುವುದನ್ನು ಹತ್ತಿರದಿಂದ ಒಮ್ಮೆ ನೋಡಬೇಕು. ಕಣ್ಣು ಅಷ್ಟಕ್ಕಷ್ಟೆ. ವಾಸನೆ ಮತ್ತು ನೀರಿನ ಅಲುಗಾಟದಿಂದಲೇ ಅದಕ್ಕೆ ಎಲ್ಲ ತಿಳಿಯಬೇಕು. ಎರೆಹುಳುವೊಂದನ್ನು ತಳಕ್ಕೆ ಬಿಟ್ಟರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ತಲೆ ನಿಧಾನವಾಗಿ ಆ ಕಡೆ ತಿರುಗುತ್ತದೆ, ಮುಂಗಾಲು ಒಂದು ಹೆಜ್ಜೆ ಮುಂದೆ ಬರುತ್ತದೆ, ಮೂತಿ ನೆಲಕ್ಕೆ ತಾಗುವಷ್ಟು ತಗ್ಗುತ್ತದೆ. ನಂತರದ್ದು ಕಣ್ಣಿಗೆ ಸಿಗುವುದಿಲ್ಲ. ಬಾಯಿ ಅಗಲವಾಗಿ ತೆರೆಯುತ್ತದೆ, ಗಂಟಲು ಕೆಳಗೆ ಉಬ್ಬುತ್ತದೆ, ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ ಮುಂದಿದ್ದ ನೀರೆಲ್ಲ ಒಳಗೆ ನುಗ್ಗುತ್ತದೆ, ಹುಳು ಮಾಯ. ಹಲ್ಲುಗಳಿವೆ, ಆದರೆ ಅವು ಜಾರದಂತೆ ಹಿಡಿಯುವುದಕ್ಕೆ ಮಾತ್ರ, ಅಗಿಯುವುದಕ್ಕಲ್ಲ. ನೀರಿನ ಜೊತೆ ಬಾಯಿಗೆ ಏನು ಬಂತೋ ಅದೆಲ್ಲ ಹಾಗೇ ಹೊಟ್ಟೆಗೆ ಹೋಗುತ್ತದೆ. ಹುಳುವಿನ ಪಕ್ಕ ಕಲ್ಲಿದ್ದರೆ ಕಲ್ಲೂ ಹೋಗುತ್ತದೆ.

ಈಗ ನೀವು ಮಾರುವ ಪೊಟ್ಟಣದ ಕಲ್ಲನ್ನು ಅಂಗೈಗೆ ಸುರಿದುಕೊಂಡು ನೋಡಿ. ಒಂದೊಂದೂ ಮೂರು ಮಿಲಿಮೀಟರಿನಿಂದ ಎಂಟು ಹತ್ತು ಮಿಲಿಮೀಟರಿನವರೆಗೆ ಇರುತ್ತದೆ. ಬಾಯಿಗೆ ಸಲೀಸಾಗಿ ಹೋಗುವ ಗಾತ್ರ, ಕರುಳಿನಲ್ಲಿ ಸಲೀಸಾಗಿ ಸಾಗದ ಗಾತ್ರ. ಮರಿಗಂತೂ ಒಂದೇ ಕಲ್ಲು ಸಾಕು. ಕೆಲವು ಕಲ್ಲುಗಳು ಮಲದ ಜೊತೆ ಹೊರಗೆ ಬರುತ್ತವೆ, ನಿಜ. ಒಂದರ ಹಿಂದೆ ಒಂದು ಸೇರಿ ಕಟ್ಟಿಕೊಂಡರೆ ಬರುವುದಿಲ್ಲ. ಹಾಗಾದ ಪ್ರಾಣಿ ಮೊದಲು ಊಟ ಬಿಡುತ್ತದೆ. ಹೊಟ್ಟೆ ಒಂದು ಪಕ್ಕಕ್ಕೆ ಉಬ್ಬುತ್ತದೆ. ಹಿಂಭಾಗ ಮೇಲೆದ್ದು ತೇಲುತ್ತದೆ, ತಳಕ್ಕೆ ಇಳಿಯಲು ಕಾಲು ಬಡಿದು ಸೋಲುತ್ತದೆ.

ಹುಣಸೂರಿನಲ್ಲಿ ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಇದನ್ನು ಕಂಡಿದ್ದೇನೆ. ಯಾವ ಊರಿನ ಯಾವ ಅಂಗಡಿಯಿಂದ ತಂದದ್ದು ಎಂಬುದು ಇಲ್ಲಿ ಬೇಡ. ಬಿಳಿ ಬಣ್ಣದ ಮರಿ, ಗೇಣುದ್ದವೂ ಇರಲಿಲ್ಲ. ಟ್ಯಾಂಕಿನ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಕಡುನೀಲಿ ಕಲ್ಲು. ಮೂರನೇ ಕ್ಲಾಸಿನ ಹುಡುಗ ಅದರ ಹೊಟ್ಟೆಯ ಕಡೆ ಬೆರಳು ತೋರಿಸಿ, "ಮಾಮ, ಇದ್ರೊಳಗೆ ನೀಲಿ ಬಂದಿದೆ" ಅಂದ. ಬಿಳಿ ಮರಿಗಳ ಹೊಟ್ಟೆಯ ಚರ್ಮ ಬಹಳ ತೆಳು, ಒಳಗಿರುವುದು ಹೊರಗೆ ಕಾಣುತ್ತದೆ. ಟಾರ್ಚ್ ಹಿಡಿದಾಗ ಐದಾರು ಕಲ್ಲು ಒತ್ತಾಗಿ ಕೂತಿರುವುದು ಒಂದೊಂದಾಗಿ ಕಂಡಿತು. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳು ದನ, ಕುರಿ, ಕೋಳಿಗೆ ಇರುವಂಥವು. ಬೆರಳುದ್ದದ ನೀರುಪ್ರಾಣಿಯ ಕರುಳಿನಿಂದ ಕಲ್ಲು ತೆಗೆಯಿರಿ ಎಂದು ಅಲ್ಲಿನ ವೈದ್ಯರನ್ನು ಕೇಳುವುದು ಹೇಗೆ? ಆ ವಾರವೇ ಅದು ಸತ್ತಿತು. ಹುಡುಗ ಅಳಲಿಲ್ಲ. ಅವರಪ್ಪನನ್ನು "ಕಲ್ಲು ಯಾಕೆ ಹಾಕಿದ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ, ಯಾಕೆಂದರೆ ಕಲ್ಲು ಹಾಕಬೇಕು ಎಂದು ಅವರಿಗೆ ಹೇಳಿದ್ದು ಟ್ಯಾಂಕ್ ಮಾರಿದವರು.

ಇದಕ್ಕೆ ಎದುರುಮಾತೂ ಇದೆ. ಆಕ್ಸೊಲಾಟಲ್ ಬೇಕೆಂದೇ ಕಲ್ಲು ನುಂಗುತ್ತದೆ, ನೀರಿನಲ್ಲಿ ತೇಲದೆ ನಿಲ್ಲಲು ಅದಕ್ಕೆ ಭಾರ ಬೇಕು ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಹಾಗೆಂದು ಬಣ್ಣ ಬಳಿದ ಕಲ್ಲನ್ನು ಗೇಣುದ್ದದ ಮರಿಯ ಮುಂದೆ ಹಾಸಿ, ಎಷ್ಟು ನುಂಗಬೇಕೆಂದು ಅದೇ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಡುವುದನ್ನು ನಾನು ಒಪ್ಪಲಾರೆ. ಬಣ್ಣದ ಲೇಪ ಕಿತ್ತುಬಂದರೆ ಅದೂ ಹೊಟ್ಟೆಗೇ ಹೋಗುವುದು.

ಈ ಪ್ರಾಣಿಯ ತವರಿನ ನೆಲ ಹೇಗಿದೆ ಎಂದು ತಿಳಿದರೆ ವಾದವೇ ಬೇಕಾಗುವುದಿಲ್ಲ. ಮೆಕ್ಸಿಕೊ ನಗರದ ದಕ್ಷಿಣದಲ್ಲಿ ಸೋಚಿಮಿಲ್ಕೊ ಎಂಬ ಕೆರೆಬಯಲಿದೆ. ಹಿಂದೆ ದೊಡ್ಡ ಕೆರೆಯಾಗಿದ್ದದ್ದು ಈಗ ಕಾಲುವೆಗಳಾಗಿ ಉಳಿದಿದೆ. ಆಕ್ಸೊಲಾಟಲ್ ತನ್ನ ಸಹಜ ನೆಲೆಯಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಅಲ್ಲಿ ಮಾತ್ರ. ಅದರ ಇನ್ನೊಂದು ನೆಲೆಯಾಗಿದ್ದ ಚಾಲ್ಕೊ ಕೆರೆಯನ್ನು ಬತ್ತಿಸಿಬಿಟ್ಟರು. ಸೋಚಿಮಿಲ್ಕೊದ ರೈತರು ಕಾಲುವೆಯ ತಳದ ಹೂಳನ್ನು ಮೊಗೆದು ನೀರಿನ ನಡುವಿನ ಮಡಿಗಳ ಮೇಲೆ ಹಾಕಿ ತರಕಾರಿ, ಹೂವು ಬೆಳೆಯುತ್ತಾರೆ. ಆ ಮಡಿಗಳಿಗೆ ಚಿನಾಂಪ ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆಗೋಡು ಹೇರಿಕೊಂಡು ಬಂದು ಹೊಲಕ್ಕೆ ಹಾಕುವ ನಮ್ಮ ಕಡೆಯವರಿಗೆ ಆ ಮಣ್ಣು ಎಂಥದ್ದೆಂದು ವಿವರಿಸಬೇಕಾಗಿಲ್ಲ. ಕಾಲಿಟ್ಟರೆ ಹುಗಿಯುವ ಮೆತ್ತನೆ ಹೂಳು, ಗಿಡದ ಬೇರು, ಕೊಳೆತ ಎಲೆ. ಅಂಥ ನೆಲದಲ್ಲಿ ಬಾಯಿ ತೆರೆದು ಎಳೆದರೆ ಹುಳುವಿನ ಜೊತೆ ಒಂದಿಷ್ಟು ಕೆಸರು ಬರುತ್ತದೆ, ಕೆಸರು ಕರುಳಿನಲ್ಲಿ ಸಾಗಿಹೋಗುತ್ತದೆ.

ಹಾಗಾದರೆ ನಮ್ಮ ಕೆರೆಗೋಡನ್ನೇ ತಂದು ಹಾಕೋಣ ಎಂದು ಯಾರಾದರೂ ಕೇಳಿದರೆ ದಯವಿಟ್ಟು ತಡೆಯಿರಿ. ಹೊಲಗಳಿಗೆ ಹೊಡೆದ ಔಷಧಿಯೆಲ್ಲ ಮಳೆಯಲ್ಲಿ ತೊಳೆದು ಬಂದು ಕೂರುವುದು ಕೆರೆಯ ತಳದಲ್ಲೇ.

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಏನೂ ಹಾಕದ ಬರೀ ಗಾಜಿನ ತಳ. ಪ್ರಾಣಿ ಆರು ಇಂಚು ದಾಟುವವರೆಗೆ ಅದೊಂದೇ ಆಯ್ಕೆ. ಬಿದ್ದ ಹಿಕ್ಕೆ, ತಿನ್ನದೆ ಬಿಟ್ಟ ಹುಳು ಎದುರಿಗೇ ಕಾಣುತ್ತದೆ. ಸಣ್ಣ ಪೈಪಿನಲ್ಲಿ ಎಳೆದು ತೆಗೆದರೆ ಆಯಿತು. ಗ್ರಾಹಕರು "ಬೋಳುಬೋಳಾಗಿ ಕಾಣುತ್ತೆ" ಅನ್ನುತ್ತಾರೆ. ಅವರಿಗೆ ಟ್ಯಾಂಕಿನ ಹೊರಗಡೆ, ತಳದ ಗಾಜಿನ ಅಡಿಗೆ, ಕಪ್ಪು ಅಥವಾ ಕಡುಹಸಿರು ಕಾಗದ ಅಂಟಿಸಿಕೊಡಿ. ನೋಡಲೂ ಚೆನ್ನ, ಕೆಳಗಿನಿಂದ ಬರುವ ಬೆಳಕಿನ ಕಾಟವೂ ಪ್ರಾಣಿಗೆ ತಪ್ಪುತ್ತದೆ. ಬರೀ ಗಾಜಿಗೆ ಒಂದು ಕುಂದಿದೆ, ಮುಚ್ಚಿಡುವುದಿಲ್ಲ. ಅದರ ಮೇಲೆ ಕಾಲಿಗೆ ಹಿಡಿತ ಸಿಗುವುದಿಲ್ಲ. ಈಜುವುದಕ್ಕಿಂತ ನಡೆಯುವುದೇ ಹೆಚ್ಚಾಗಿರುವ ಪ್ರಾಣಿ ಜಾರುತ್ತಲೇ ಇದ್ದರೆ ಬೇಸರ ಪಡುತ್ತದೆ. ಮರಿಗೆ ಇದು ಅಷ್ಟು ದೊಡ್ಡ ತೊಂದರೆಯಲ್ಲ. ಬೆಳೆದದ್ದು ತೀರಾ ಜಾರುತ್ತಿದ್ದರೆ ಮರಳೋ ಕಲ್ಲಿನ ಹಾಸೋ ಹಾಕಬಹುದು.

ಮರಳಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಎಡವುವುದೇ ಇಲ್ಲಿ. ಕಾಳು ಒಂದು ಮಿಲಿಮೀಟರಿಗಿಂತ ಸಣ್ಣದಿದ್ದು ಉರುಟಾಗಿದ್ದರೆ, ಬೆಳೆದ ಆಕ್ಸೊಲಾಟಲ್ ನುಂಗಿದರೂ ಹೊರಗೆ ಹಾಕುತ್ತದೆ. ಎರಡೂ ಷರತ್ತು ಒಟ್ಟಿಗೆ ಬೇಕು. ಎಂ-ಸ್ಯಾಂಡ್ ಎರಡನೆಯದರಲ್ಲಿ ಸೋಲುತ್ತದೆ. ಅದು ಕ್ರಷರಿನಲ್ಲಿ ಒಡೆದ ಕಲ್ಲು. ಗಾರೆಗೆ ಅದರ ಚೂಪು ಅಂಚು ಅನುಕೂಲ, ಈ ಪ್ರಾಣಿಯ ಹೊಟ್ಟೆಯ ಅಡಿಭಾಗಕ್ಕೆ, ಕರುಳಿಗೆ ಅದೇ ಅಪಾಯ. ಬೇಬಿ ಜಲ್ಲಿಯ ಮಾತೇ ಬೇಡ. ಮನೆ ಕಟ್ಟುವಾಗ ಉಳಿದ ಮರಳಿನ ಗುಡ್ಡೆಯಿಂದ ಒಂದು ಬಕೆಟ್ ತಂದು ಹಾಕಿದರೆ ಅದರೊಳಗೆ ಸಿಮೆಂಟಿನ ಚೂರು ಬೆರೆತಿರುತ್ತದೆ, ನೀರಿನ ಸುಣ್ಣದ ಗುಣ ಏಕಾಏಕಿ ಏರುತ್ತದೆ.

ಉರುಟಾದ ಮರಳು ಅಂದರೆ ಹೊಳೆಯ ಮರಳು. ನಮ್ಮ ನಾಲ್ಕು ತಾಲ್ಲೂಕಿಗೆ ಹೊಳೆಗಳೇನು ಕಡಿಮೆಯೇ? ಬ್ರಹ್ಮಗಿರಿಯಿಂದ ಇಳಿದ ಲಕ್ಷ್ಮಣತೀರ್ಥ ಹುಣಸೂರನ್ನು ಹಾದು ಹೋಗುತ್ತದೆ, ಕಾವೇರಿ ಪಿರಿಯಾಪಟ್ಟಣದ ಅಂಚು ಸವರಿ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ, ಕಪಿಲೆ ಎಚ್.ಡಿ. ಕೋಟೆಯಲ್ಲಿ ಕಟ್ಟೆಗೆ ನಿಲ್ಲುತ್ತದೆ. ಆದರೆ ಹೊಳೆಗೆ ಇಳಿದು ಮರಳು ತುಂಬಿಕೊಂಡು ಬನ್ನಿ ಎಂದು ಗ್ರಾಹಕರಿಗೆ ಹೇಳಬೇಡಿ. ಪರವಾನಗಿಯಿಲ್ಲದೆ ಮರಳು ತೆಗೆಯುವುದು ಅಪರಾಧ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು, ಮರಳು ಕಳೆದುಕೊಂಡ ಹೊಳೆಯಲ್ಲಿ ಮೀನು ಮೊಟ್ಟೆಯಿಡುವ ಜಾಗ ಹಾಳಾಗುತ್ತದೆ, ದಡದ ಬಾವಿಗಳ ನೀರು ಕೆಳಗಿಳಿಯುತ್ತದೆ. ಒಂದು ಟ್ಯಾಂಕಿಗೆ ಬೇಕಾಗುವುದು ಒಂದೆರಡು ಬೊಗಸೆ ಇರಬಹುದು, ಆದರೂ ಆ ಅಭ್ಯಾಸ ನಮ್ಮಿಂದ ಶುರುವಾಗುವುದು ಬೇಡ. ನೀರು ಸೋಸುವ ಘಟಕಗಳಿಗೆ ಬಳಸುವ ಸಿಲಿಕಾ ಮರಳಿನಲ್ಲಿ ಸಣ್ಣ ಗ್ರೇಡಿನದ್ದು ಸಿಗುತ್ತದೆ, ಕಾಳು ಉರುಟಾಗಿರುವುದನ್ನು ನೋಡಿ ತರಿಸಿ. ಈಗ ನೀವು ಕಲ್ಲು ಮಾರಿ ಗಳಿಸುವುದನ್ನು ಅದರಲ್ಲೂ ಗಳಿಸಬಹುದು.

ತರಿಸಿದ ಮೇಲೆ ಒಂದು ಕೆಲಸ ನೀವೇ ಮಾಡಿಕೊಟ್ಟರೆ ಉಪಕಾರ. ರಾಗಿ ಹಿಟ್ಟು ಒಂದರಿಯಾಡುವ ಸಣ್ಣ ಕಣ್ಣಿನ ಜರಡಿ ಎಲ್ಲರ ಮನೆಯಲ್ಲೂ ಇದೆ. ಅಂಥದ್ದೊಂದನ್ನು ಅಂಗಡಿಗೆಂದೇ ಇಟ್ಟುಕೊಂಡು ಒಣ ಮರಳನ್ನು ಅದರಲ್ಲಿ ಆಡಿಸಿ. ಮೇಲೆ ಉಳಿದದ್ದನ್ನು ಆಚೆ ಹಾಕಿ, ಕೆಳಗೆ ಬಿದ್ದದ್ದನ್ನು ಮಾತ್ರ ತೂಗಿ. ತೊಳೆಯುವುದು ಹೇಗೆಂದು ಗ್ರಾಹಕರಿಗೆ ತೋರಿಸಿ: ಬಕೆಟ್ಟಿನಲ್ಲಿ ಕಾಲುಭಾಗ ಮರಳು, ಮೇಲೆ ನೀರು, ಕೈಯಾಡಿಸಿ ಬಗ್ಗಿಸುವುದು. ಮೊದಲ ನೀರು ಮಜ್ಜಿಗೆಯ ಬಣ್ಣ ಬರುತ್ತದೆ. ಬಗ್ಗಿಸಿದ ನೀರು ತಿಳಿಯಾಗಿ ಬರುವವರೆಗೆ ತೊಳೆಯುತ್ತಲೇ ಇರಬೇಕು. ಸೋಪು ಸೋಕಿಸಬಾರದು. ಟ್ಯಾಂಕಿನಲ್ಲಿ ಒಂದು ಇಂಚಿಗಿಂತ ದಪ್ಪ ಹಾಸಬಾರದು. ದಪ್ಪವಾದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆತು, ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಆ ಅನಿಲ ವಿಷ.

ಕಲ್ಲಿನ ಹಾಸು ಬೇಕೆನ್ನುವವರಿಗೆ ನಮ್ಮಲ್ಲಿ ಸುಲಭದ ದಾರಿ ಇದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕಡಪ ಕಲ್ಲಿನ ತುಂಡು ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿರುತ್ತದೆ. ಪಾಲಿಶ್ ಮಾಡದ ಮುಖ ಮೇಲೆ ಬರುವಂತೆ ಹಾಸಿದರೆ ಕಾಲಿಗೆ ಹಿಡಿತ ಸಿಗುತ್ತದೆ, ನುಂಗಲು ಏನೂ ಇರುವುದಿಲ್ಲ. ಕಡಪ ಸುಣ್ಣದ ಅಂಶವಿರುವ ಕಲ್ಲು, ನೀರನ್ನು ತುಸು ಗಡಸು ಮಾಡುತ್ತದೆ. ಎಷ್ಟೋ ಮೀನಿಗೆ ಅದು ಆಗದು. ಆಕ್ಸೊಲಾಟಲ್‌ಗೆ ಗಡಸು ನೀರೇ ಒಗ್ಗುತ್ತದೆ, ನಮ್ಮ ಬೋರ್‌ವೆಲ್ ನೀರಿನಿಂದ ಅದಕ್ಕೆ ತೊಂದರೆ ಕಡಿಮೆ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿಸಿ. ತುಂಡುಗಳ ನಡುವೆ ಸಂದು ಬಿಟ್ಟರೆ ಉಳಿದ ತಿಂಡಿ ಅಲ್ಲಿ ಸೇರಿ ಕೊಳೆಯುತ್ತದೆ, ಆದ್ದರಿಂದ ಅಕ್ವೇರಿಯಂ ಸಿಲಿಕಾನ್ ಎಳೆದು ಸಂದು ಮುಚ್ಚಿ. ಸಿಮೆಂಟ್ ಮೆತ್ತಬೇಡಿ. ಬಿಲದಂಥ ಜಾಗ ಅದಕ್ಕೆ ಇಷ್ಟ, ಹಳೆಯ ಮಂಗಳೂರು ಹೆಂಚೊಂದನ್ನು ತೊಳೆದು ಬೋರಲು ಇಟ್ಟರೆ ಸಾಕು. ಅಲಂಕಾರಕ್ಕೆ ಗುಂಡುಕಲ್ಲು ಬೇಕೇ ಬೇಕೆಂದರೆ ಪ್ರಾಣಿಯ ತಲೆಗಿಂತ ಎಷ್ಟೋ ದೊಡ್ಡದಾದ, ಮುಷ್ಟಿಗೆ ಮೀರಿದ ಕಲ್ಲು ಒಂದೆರಡು ಇಡಲಿ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕಿಂತ ಕಷ್ಟದ ಮಾತನ್ನೂ ಹೇಳಬೇಕು. ಈ ಪ್ರಾಣಿಗೆ ಬೇಕಾದ ನೀರು 16ರಿಂದ 18 ಡಿಗ್ರಿ. 20ರವರೆಗೆ ನಡೆದೀತು. 24 ದಾಟಿ ದಿನಗಟ್ಟಲೆ ನಿಂತರೆ ಊಟ ಬಿಟ್ಟು ಕಾಯಿಲೆ ಬೀಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮನೆಗಳೊಳಗಿನ ಬಿಂದಿಗೆಯ ನೀರು ಎಷ್ಟಿರುತ್ತದೆಂದು ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 34, 35 ಇರುವ ದಿನ ಒಳಗಿನ ಟ್ಯಾಂಕ್ ತಣ್ಣಗಿರುವುದಾದರೂ ಹೇಗೆ? ಮಳೆಗಾಲದಲ್ಲೂ ಅದು ಕೇಳುವಷ್ಟು ತಂಪು ನಮ್ಮಲ್ಲಿ ಹೆಚ್ಚು ದಿನ ಸಿಗುವುದಿಲ್ಲ. ಫ್ಯಾನ್ ಇಡುವುದು, ಐಸ್ ಬಾಟಲಿ ತೇಲಿಬಿಡುವುದು ಎರಡು ಮೂರು ಡಿಗ್ರಿ ಇಳಿಸುತ್ತವೆ, ಕರೆಂಟು ಹೋದಾಗ ಅದೂ ಇಲ್ಲ. ಸರಿಯಾಗಿ ಸಾಕಬೇಕಾದರೆ ನೀರು ತಂಪು ಮಾಡುವ ಚಿಲ್ಲರ್ ಬೇಕು, ಅದರ ಬೆಲೆ ಪ್ರಾಣಿ, ಟ್ಯಾಂಕ್ ಎರಡನ್ನೂ ಸೇರಿಸಿದರೂ ಮೀರುತ್ತದೆ.

ಸೆಕೆಯೂ ತಳವೂ ಬೇರೆಬೇರೆ ವಿಷಯಗಳಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಹಿಕ್ಕೆ ಕೊಳೆಯುವುದು ಬೇಗ, ಅದರಿಂದ ಏಳುವ ಅಮೋನಿಯಾದ ವಿಷವೂ ಹೆಚ್ಚು. ಕಲ್ಲು ಹಾಸಿದ ಟ್ಯಾಂಕಿನಲ್ಲಿ ಹಿಕ್ಕೆಯೆಲ್ಲ ಕಲ್ಲಿನ ಸಂದಿಗೆ ಇಳಿದು ಕಣ್ಣಿಗೆ ಮರೆಯಾಗುತ್ತದೆ. ಮೇಲಿನಿಂದ ನೀರು ತಿಳಿಯಾಗಿ ಕಾಣುತ್ತಿರುವಾಗಲೇ ಅಡಿಯಲ್ಲಿ ಅದು ಕೆಡುತ್ತಿರುತ್ತದೆ. ತಂಪು ದೇಶದಲ್ಲಿ ಕೆಲವು ದಿನ ತಡೆದೀತು ಎನ್ನುವ ಕೊಳೆ ನಮ್ಮಲ್ಲಿ ಬೇಗನೆ ಅಪಾಯ ತರಬಲ್ಲದು. ಹೀಗಾಗಿ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬರೀ ಗಾಜಿನ ತಳದ ಪರವಾಗಿ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ನೀರು ಬದಲಾಯಿಸುವಾಗಲೂ ಎಚ್ಚರ ಬೇಕು. ನೀರುಗಂಟಿ ಬ್ಲೀಚಿಂಗ್ ಪುಡಿ ಹಾಕಿ ಬಿಟ್ಟ ನಲ್ಲಿ ನೀರನ್ನು ನೇರ ಸುರಿಯಬಾರದು. ಒಂದು ದಿನ ತೆರೆದಿಟ್ಟ ನೀರಾಗಬೇಕು, ಇಲ್ಲವೇ ನೀವು ಮಾರುವ ಆಂಟಿ ಕ್ಲೋರಿನ್ ಹನಿ ಹಾಕಿದ ನೀರಾಗಬೇಕು.

ನಮ್ಮ ಕಡೆಗೇ ಸೇರಿದ ಇನ್ನೊಂದು ಅಪಾಯವಿದೆ, ಅದನ್ನು ಬೇರೆ ಊರಿನವರು ನಿಮಗೆ ಹೇಳಲಾರರು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಮನೆಮನೆಯಲ್ಲೂ ಹೊಗೆಸೊಪ್ಪು. ಮಳೆಯಲ್ಲಿ ನೆನೆದ ಸೊಪ್ಪು ಮುರಿದವರಿಗೆ ತಲೆ ಸುತ್ತಿ ವಾಂತಿಯಾಗುವುದು ನಮಗೆ ಹೊಸದಲ್ಲ, ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ದೊಡ್ಡ ಮನುಷ್ಯರಿಗೇ ಹಾಗಾದರೆ, ಚರ್ಮದಿಂದಲೂ ಉಸಿರಾಡುವ, ಮೈಯಲ್ಲಿ ಒಂದು ಹುರುಪೆಯೂ ಇಲ್ಲದ ಪ್ರಾಣಿಯ ಗತಿ ಏನು? ಸೊಪ್ಪು ಮುರಿದ ಕೈ, ಬ್ಯಾರನ್‌ನಲ್ಲಿ ಕಡ್ಡಿಗೆ ಸೊಪ್ಪು ಪೋಣಿಸಿದ ಕೈ ಟ್ಯಾಂಕಿನೊಳಗೆ ಹೋಗಬಾರದು. ಮರಳು ತೊಳೆಯುವ ಬಕೆಟ್ಟು ಔಷಧಿ ಕಲಸಿದ ಬಕೆಟ್ಟಾಗಿರಬಾರದು. ಹೊಗೆಸೊಪ್ಪಿನ ಹೊಲದಿಂದ ಅಗೆದ ಎರೆಹುಳು ಅದಕ್ಕೆ ಆಹಾರವಾಗಬಾರದು. ಔಷಧಿ ಬೀಳದ ಹಿತ್ತಲಿನ ಹುಳುವೇ ಒಳ್ಳೆಯದು. ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವ ಕೆಂಪು ಪಟ್ಟೆಯ ಹುಳು ಕಹಿಯಾದ್ದರಿಂದ ಎಷ್ಟೋ ಆಕ್ಸೊಲಾಟಲ್‌ಗಳು ಅದನ್ನು ಉಗಿದುಬಿಡುತ್ತವೆ.

ಕಾಯಿದೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಆಕ್ಸೊಲಾಟಲ್ 1975ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ತಂದಿತು. ಅಂಥ ಪ್ರಾಣಿಯನ್ನು ಜೀವಂತವಾಗಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮ ಹೇಳುತ್ತದೆ. ಕೈ ಬದಲಾದರೂ, ಮರಿಯಾದರೂ, ಸತ್ತರೂ ತಿಳಿಸಬೇಕು. ಫೋನಿನಲ್ಲಿ ಆರ್ಡರ್ ಮಾಡಿ ಪಾರ್ಸಲ್ ತರಿಸಿಕೊಂಡವರಿಗೆ ಇದು ಗೊತ್ತಿರುವುದು ಅಪರೂಪ. ಅವರು ಟ್ಯಾಂಕಿಗಾಗಿ ನಿಮ್ಮಲ್ಲಿಗೆ ಬಂದಾಗ ಒಂದು ಮಾತು ಕಿವಿಗೆ ಹಾಕಿ.

ಪ್ರಪಂಚದ ಲ್ಯಾಬುಗಳಲ್ಲಿ, ಮನೆಗಳಲ್ಲಿ ಇವತ್ತು ಲೆಕ್ಕವಿಲ್ಲದಷ್ಟು ಆಕ್ಸೊಲಾಟಲ್‌ಗಳಿವೆ. ಅವುಗಳಲ್ಲಿ ಬಹುಪಾಲಿನ ಮೂಲ 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್‌ಗೆ ಸಾಗಿಸಿದ 34 ಪ್ರಾಣಿಗಳಲ್ಲಿದೆ. ತವರಿನಲ್ಲಿ ಮಾತ್ರ ಅದು ಅಳಿವಿನ ಅಂಚಿಗೆ ಬಂದಿದೆ. ಸೋಚಿಮಿಲ್ಕೊದಲ್ಲಿ 1998ರ ಎಣಿಕೆಯಂತೆ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಇಳಿದಿತ್ತು. ಕೊಳಚೆ ನೀರು ಒಂದು ಕಾರಣ. ಜನರಿಗೆ ಆಹಾರವಾಗಲಿ ಎಂದು ತಂದು ಬಿಟ್ಟ ತಿಲಾಪಿಯಾ, ಕಾರ್ಪ್ ಮೀನುಗಳು ಇನ್ನೊಂದು ಕಾರಣ. ಅವು ಅದರ ಮೊಟ್ಟೆ ಮರಿಗಳನ್ನೂ ತಿಂದವು, ತಿಂಡಿಗೂ ಪೈಪೋಟಿಗೆ ಬಿದ್ದವು. ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಹಿಡಿದು ತಿನ್ನುವುದೂ ಅದೇ ತಿಲಾಪಿಯಾವನ್ನು. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಮೀನಿಗೂ ಇಂಥದ್ದೇ ಗತಿ ಬಂತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೊಳೆ ತುಂಬಿಕೊಂಡಿತು, ಈ ನೀರಿನದೇ ಆದ ಮೀನು ತೀವ್ರ ಅಪಾಯದಲ್ಲಿರುವ ಪಟ್ಟಿಗೆ 2018ರಲ್ಲಿ ಸೇರಿತು.

ಇದನ್ನು ಹೇಳಿದ್ದಕ್ಕೆ ಕಾರಣ, ಸಾಕಲಾಗದೆ ಬೇಸತ್ತವರು ಪ್ರಾಣಿಯನ್ನು ಕೆರೆಗೋ ನಾಲೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದುಕೊಳ್ಳುತ್ತಾರೆ. ನಮ್ಮ ಸೆಕೆಗೆ ಆಕ್ಸೊಲಾಟಲ್ ಅಲ್ಲಿ ಬದುಕುವುದು ಅನುಮಾನ. ಆದರೆ ಅದರ ಮೈಮೇಲಿನ ರೋಗ ಬದುಕಬಹುದು. ಕಪ್ಪೆಗಳ ಚರ್ಮ ಕೆಡಿಸಿ ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರ, ಸಾಕುವ ಉಭಯವಾಸಿಗಳ ವ್ಯಾಪಾರದ ಜೊತೆಗೇ ದೇಶದಿಂದ ದೇಶಕ್ಕೆ ಹರಡಿದೆ. ಟ್ಯಾಂಕಿನ ನೀರಿನಲ್ಲಿ, ಹಳೆಯ ಮರಳಿನಲ್ಲಿ ಅದು ಉಳಿದಿರಬಹುದು. ಕೆ.ಆರ್. ನಗರದ ಕಡೆ ಟ್ಯಾಂಕ್ ತೊಳೆದ ನೀರು ನಾಲೆಗೆ ಬಿದ್ದರೆ ಅದರ ಮುಂದಿನ ನಿಲ್ದಾಣ ಭತ್ತದ ಗದ್ದೆ. ಗದ್ದೆಯ ಕಪ್ಪೆಗಳು ನಮ್ಮ ಬೆಳೆಯ ಹುಳ ತಿಂದು ಬದುಕುವಂಥವು. ಕಪ್ಪೆಕಾಲಿನ ರಫ್ತನ್ನು ದೇಶವೇ 1987ರಲ್ಲಿ ನಿಲ್ಲಿಸಿ ಉಳಿಸಿಕೊಂಡ ಕಪ್ಪೆಗಳವು. ಹಾಗಾಗಿ ತಳದಿಂದ ತೆಗೆದ ಹಳೆಯ ಮರಳನ್ನು ತಾರಸಿಯ ಮೇಲೆ ತೆಳ್ಳಗೆ ಹರಡಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಲಿ, ನೀರನ್ನು ಒಣ ಮಣ್ಣಿಗೆ ಸುರಿಯಲಿ. ಒಣಗಿದರೆ ಆ ಶಿಲೀಂಧ್ರ ಸಾಯುತ್ತದೆ.

ಇನ್ನು ನಿಮ್ಮ ವ್ಯಾಪಾರದ ಮಾತು. ಬಣ್ಣದ ಕಲ್ಲಿನ ದಾಸ್ತಾನು ಕಟ್ಟಿಕೊಂಡು ನಷ್ಟ ಮಾಡಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಮೇಲುನೀರಿನಲ್ಲಿ ತೇಲುವ ತಿಂಡಿ ತಿನ್ನುವ ಗಪ್ಪಿ, ಮೊಲ್ಲಿಗಳ ಟ್ಯಾಂಕಿಗೆ ಅದನ್ನು ಮಾರಿ, ಮನಿ ಪ್ಲಾಂಟ್ ಬಾಟಲಿಗೆ ಮಾರಿ. ತಳ ಕೆದಕಿ ಕಲ್ಲು ಬಾಯಿಗೆ ಹಾಕಿಕೊಳ್ಳುವ ಗೋಲ್ಡ್‌ಫಿಶ್‌ಗೂ ಆ ಸಣ್ಣ ಕಲ್ಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಬೇಡ. ಆಕ್ಸೊಲಾಟಲ್ ಎಂದು ಬಂದವರನ್ನು ಮಾತ್ರ ಒಂದು ಗಳಿಗೆ ನಿಲ್ಲಿಸಿಕೊಂಡು ಮೂರು ಪ್ರಶ್ನೆ ಕೇಳಿ: ಪ್ರಾಣಿ ಎಷ್ಟು ಉದ್ದವಿದೆ? ಏಪ್ರಿಲ್‌ನಲ್ಲಿ ನೀರು ತಣ್ಣಗಿಡಲು ಏನು ಮಾಡುತ್ತೀರಿ? ನೋಂದಣಿ ಆಗಿದೆಯೇ? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಇನ್ನೂ ತಂದಿಲ್ಲದವರಿಗೆ ಬೇಡವೆಂದು ಹೇಳಿ, ಒಂದು ಜೊತೆ ಗಪ್ಪಿ ಕೊಟ್ಟು ಕಳುಹಿಸಿ. ಆಗಲೇ ತಂದುಬಿಟ್ಟವರಿಗೆ ತಳ ಬರಿದಾಗಿರುವ ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಥರ್ಮಾಮೀಟರ್ ಕೊಡಿ. ಈಗಾಗಲೇ ಕಲ್ಲು ಹಾಕಿಕೊಂಡಿರುವವರ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಇವತ್ತೇ ಒಂದು ಕರೆ ಮಾಡಿ. ಪ್ರಾಣಿಯನ್ನು ಅದೇ ನೀರಿನ ಬಕೆಟ್ಟಿಗೆ ಎತ್ತಿಟ್ಟು, ಕಲ್ಲನ್ನೆಲ್ಲ ತೆಗೆದು, ಫಿಲ್ಟರನ್ನು ತೊಳೆಯದೆ ಹಾಗೇ ಮತ್ತೆ ಹಾಕಿ, ಅರ್ಧ ಹಳೆಯ ನೀರಿಗೆ ಅರ್ಧ ಹೊಸದು ಸೇರಿಸಿ ವಾಪಸ್ ಬಿಡಬೇಕು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಕೈ ಹಾಕುವ ಮೊದಲು ಮೊಣಕೈವರೆಗೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಲು ಹೇಳುವುದನ್ನು ಮರೆಯಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಹುಣಸೂರಿನ ಒಬ್ಬ ಗ್ರಾಹಕ